ಕಲ್ಯಾಣದ ಬಿಸಿಲಲ್ಲಿ ಹಾಸಿದ ಚಾಪೆ

ಬಸವಕಲ್ಯಾಣ
ಮೇ ತಿಂಗಳ ಎರಡನೆಯ ವಾರ

ಪ್ರೀತಿಯ ಅಕ್ಕನಿಗೆ,

ಕಾಯಿಸಿದ ಕೋಣೆಯಲ್ಲಿ ಯೋಗ ಮಾಡುವ ಹುಚ್ಚು ಹತ್ತಿಸಿಕೊಂಡವಳು ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಏನು ಮಾಡುತ್ತಿದ್ದೀ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಗೆಳತಿಯ ತವರಿನಲ್ಲಿದ್ದೇನೆ. ಕೆಳಗೆ ಅವರ ಸಂಸಾರ, ಮೇಲೆ ಒಂದೇ ಒಂದು ಕೋಣೆ. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ಸಂಜೆಯಾದರೆ ಆ ಕಾವನ್ನೆಲ್ಲ ಒಳಗೆ ಬಿಡುತ್ತದೆ. ಬೆಂಗಳೂರಿನ ತರಗತಿಯಲ್ಲಿ ಹೀಟರ್ ಇಟ್ಟು ತರಿಸುವ ಶಾಖ ಇಲ್ಲಿ ಕರೆಯದೆಯೇ ಬಂದು ಕೂತಿರುತ್ತದೆ.

ಈ ಪದ್ಧತಿ ಎಲ್ಲಿಂದ ಬಂತೆಂದು ನಿನಗೆ ಹೇಳಿಯೇ ಇಲ್ಲ. ಕೋಲ್ಕತ್ತದಲ್ಲಿ ಬಿಷ್ಣು ಚರಣ್ ಘೋಷ್ ಎಂಬ ವ್ಯಾಯಾಮ ಗುರುಗಳಿದ್ದರು, ಪರಮಹಂಸ ಯೋಗಾನಂದರ ತಮ್ಮ. ಅವರ ಶಿಷ್ಯ ಬಿಕ್ರಂ ಚೌಧರಿ 1970ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಯೂರಿ, 26 ಆಸನ, ಎರಡು ಉಸಿರಾಟದ ಅಭ್ಯಾಸ ಸೇರಿಸಿದ 90 ನಿಮಿಷದ ಕ್ರಮವೊಂದನ್ನು ಪ್ರಸಿದ್ಧಿಗೆ ತಂದ. ಕೋಣೆಯ ಶಾಖ ಸುಮಾರು 40.5 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಶೇ. 40. ಆ ಕ್ರಮ ತನ್ನ ಸ್ವತ್ತೆಂದು ಆತ ಕೋರ್ಟಿಗೂ ಹೋದ. ಆಸನಗಳ ಸಾಲಿಗೆ ಕೃತಿಸ್ವಾಮ್ಯ ಇಲ್ಲವೆಂದು 2015ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷ ಲೈಂಗಿಕ ಕಿರುಕುಳದ ಮೊಕದ್ದಮೆಯೊಂದರಲ್ಲಿ ಜ್ಯೂರಿಯ ತೀರ್ಮಾನವೂ ಆತನ ವಿರುದ್ಧವೇ ಬಂತು. ನಾವು ಯಾರೂ ಆತನ ಹೆಸರೆತ್ತುವುದಿಲ್ಲ, ಹಾಟ್ ಯೋಗ ಅಂತಷ್ಟೇ ಅನ್ನುತ್ತೇವೆ. ಅದೇ ಸರಿ ಅಂತ ನನ್ನ ಮನಸ್ಸಿಗೂ ಅನ್ನಿಸಿದೆ.

ನನಗೆ ಇದು ಯಾಕೆ ಹಿಡಿಸಿತು ಅನ್ನುವೆಯಾ? ತಣ್ಣಗಿನ ಕೋಣೆಯಲ್ಲಿ ತ್ರಿಕೋಣಾಸನದಲ್ಲಿ ನಿಂತೇ ಆಫೀಸಿನ ನೂರು ತಾಪತ್ರಯ ಯೋಚಿಸಬಲ್ಲೆ. ಆ ಕಾವಿನಲ್ಲಿ ಅದಾಗದು. ಉಸಿರು ಒಂದಿಷ್ಟು ಎಡವಿದರೆ ತಲೆ ತಿರುಗುತ್ತದೆ, ಹಾಗಾಗಿ ಉಸಿರನ್ನೇ ಕಾಯುತ್ತ ನಿಲ್ಲಬೇಕು. ಅಪ್ಪ ತೀರಿಕೊಂಡ ವರ್ಷ ಮನಸ್ಸು ಎಲ್ಲೂ ನಿಲ್ಲದೆ ಅಲೆಯುತ್ತಿದ್ದಾಗ, ದಿನಕ್ಕೆ ಅಷ್ಟು ಹೊತ್ತಾದರೂ ಅದನ್ನು ಒಂದು ಕಡೆ ಕೂರಿಸಿದ್ದು ಈ ಅಭ್ಯಾಸ. ಆಮೇಲೆ ಬಿಡಲಾಗಲಿಲ್ಲ.

ಇಲ್ಲಿಯದು ಒಣ ಧಗೆ. ಬೆಂಗಳೂರಿನ ಕೋಣೆಯಲ್ಲಿ ತೇವ ಇರುವುದರಿಂದ ಬೆವರು ಬೇಗ ಆರದೆ ಚಾಪೆಯ ಮೇಲೆ ತೊಟ್ಟಿಕ್ಕುತ್ತದೆ. ಇಲ್ಲಿ ಹುಟ್ಟಿದಲ್ಲೇ ಆರಿಹೋಗಿ ಹಣೆಯ ಮೇಲೆ ಉಪ್ಪಿನ ತರಿ ಉಳಿಯುತ್ತದೆ. ಬೆವರು ಆರಿದಾಗಲೇ ಮೈ ತಂಪಾಗುವುದು, ಆ ಮಟ್ಟಿಗೆ ಒಣಗಾಳಿ ಒಳ್ಳೆಯದೇ. ಆದರೆ ಬೆವರು ಕಣ್ಣಿಗೆ ಕಾಣದ್ದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದೇ ಇಲ್ಲ. ಗೆಳತಿಯ ತಾಯಿಗೆ ಈ ಶಾಸ್ತ್ರವೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಬಂದ ದಿನವೇ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು, "ಬಿಸಲ ಇಳೀಲಿ ತಂಗಿ, ಆಮ್ಯಾಲ ಮಾಡು. ಮೊದಲ ಮಜ್ಜಿಗಿ ಕುಡಿ" ಅಂದರು. ಅವರು ಹೇಳಿದ ಹಾಗೇ ನಡೆಯುತ್ತಿದೆ. ಹೊತ್ತು ಹುಟ್ಟುವ ಮೊದಲು ಮಾಳಿಗೆಯ ಮೇಲೆ ಉಸಿರಾಟ. ಹೊತ್ತು ಮುಳುಗಿದ ಮೇಲೆ ಕಿಟಕಿ ಬಾಗಿಲು ತೆರೆದಿಟ್ಟು ಕೋಣೆಯಲ್ಲಿ ಆಸನ. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ.

ಬ್ಯಾಗಿನಲ್ಲಿ ಹಠಯೋಗ ಪ್ರದೀಪಿಕೆ ಇದೆ, 15ನೇ ಶತಮಾನದಲ್ಲಿ ಸ್ವಾತ್ಮಾರಾಮ ಬರೆದದ್ದು. ಅಭ್ಯಾಸದ ಶ್ರಮದಿಂದ ಬಂದ ಬೆವರನ್ನು ಮೈಗೇ ತಿಕ್ಕಿಕೊಳ್ಳಬೇಕು, ಅದರಿಂದ ದೇಹ ದೃಢವೂ ಹಗುರವೂ ಆಗುತ್ತದೆ ಎನ್ನುತ್ತದೆ ಆ ಗ್ರಂಥ. ಹೊಸದಾಗಿ ತೊಡಗಿದವರು ಬೆಂಕಿಯ ಹತ್ತಿರ ಕೂರಬಾರದೆಂದೂ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದರೆ, ಬೆವರು ಒಳಗಿನ ದುಡಿಮೆಯಿಂದ ಬರಬೇಕೆಂಬುದು ನನಗೆ ಸ್ಪಷ್ಟ. ಇವತ್ತಿನ ವಿಜ್ಞಾನವೂ ಇದಕ್ಕೆ ದೂರವಿಲ್ಲ. 2018ರಲ್ಲಿ ಪ್ರಕಟವಾದ ಟೆಕ್ಸಾಸಿನ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಕಾಯಿಸಿದ ಕೋಣೆಯಲ್ಲಿ, ಇನ್ನೊಂದಕ್ಕೆ ಮಾಮೂಲಿ ಕೋಣೆಯಲ್ಲಿ, 12 ವಾರ 26 ಆಸನಗಳ ಅದೇ ಕ್ರಮ ಮಾಡಿಸಿದರು. ರಕ್ತನಾಳಗಳು ಹಿಗ್ಗುವ ಗುಣ ಎರಡೂ ಗುಂಪಿನಲ್ಲಿ ಸುಧಾರಿಸಿತ್ತು. ಆ ಲಾಭಕ್ಕೆ ಶಾಖವೇ ಬೇಕೆಂದೇನಿಲ್ಲ.

ಇನ್ನು ನಿನಗೆ ಹೇಳಲೇಬೇಕೆಂದು ಕಾದಿಟ್ಟುಕೊಂಡಿದ್ದ ವಿಷಯ. ಪ್ರದೀಪಿಕೆಯ ಆರಂಭದಲ್ಲಿ ಮಹಾಸಿದ್ಧರ ಹೆಸರುಗಳು ಬರುತ್ತವೆ. ಮತ್ಸ್ಯೇಂದ್ರ, ಗೋರಕ್ಷ ಮೊದಲಾದವರ ನಡುವೆ ನಮ್ಮ ಅಲ್ಲಮ ಪ್ರಭುದೇವರ ಹೆಸರಿದೆ! ಅಲ್ಲಮರು ಶೂನ್ಯಸಿಂಹಾಸನ ಏರಿದ ಊರಿನಲ್ಲೇ ಕೂತು ಆ ಸಾಲು ಓದಿದಾಗ ಮೈ ಜುಮ್ಮೆಂದಿತು. ಶೂನ್ಯಸಂಪಾದನೆಯ ಆ ಪ್ರಸಂಗ ನಿನಗೆ ನೆನಪಿರಬೇಕು. ಗೋರಕ್ಷ ಸಾಧನೆಯಿಂದ ವಜ್ರಕಾಯ ಗಳಿಸಿದ್ದಾನೆ. ಅಲ್ಲಮರು ಕತ್ತಿ ಬೀಸಿದರೆ ಅವನ ಮೈ ಖಣಿಲ್ಲೆನ್ನುತ್ತದೆ, ಗಾಯವಾಗುವುದಿಲ್ಲ. ಈಗ ನೀನು ನನಗೆ ಹೊಡೆ ಎನ್ನುತ್ತಾರೆ ಅಲ್ಲಮರು. ಗೋರಕ್ಷನ ಕತ್ತಿ ಅವರ ಮೈಯೊಳಗೆ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ, ಎಲ್ಲೂ ತಾಗುವುದೇ ಇಲ್ಲ.

ಕಾಯಿಸಿದ ಕೋಣೆಗಳಲ್ಲಿ ಮೆಚ್ಚುಗೆ ಸಿಗುವುದು ಗೋರಕ್ಷನ ಮೈಗೆ. ಯಾರು ಹೆಚ್ಚು ತಡೆದುಕೊಂಡರು, ಯಾರು ಒಮ್ಮೆಯೂ ಕೂರಲಿಲ್ಲ ಎಂಬುದೇ ಮಾತು. ಇಲ್ಲಿ ನಾನು ಅಭ್ಯಾಸ ಮಾಡುತ್ತಿರುವುದು ಬಿಸಿಯ ಜೊತೆ ಜಗಳವಾಡದೆ ನಿಲ್ಲುವುದನ್ನು. ಧಗೆ ಬಂತೆಂದು ದವಡೆ ಬಿಗಿಯುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಅದನ್ನು ಗಮನಿಸಿ ಸಡಿಲ ಬಿಡುವುದು. ಬಿಟ್ಟರೆ ಅದೇ ಶಾಖ ಮೈಮೇಲೆ ಹಾದು ಹೋಗುತ್ತದೆ, ಆಸನ ತಾನಾಗಿ ಇನ್ನೊಂದು ಅಂಗುಲ ಆಳಕ್ಕೆ ಇಳಿಯುತ್ತದೆ. ಅಲ್ಲಮರ ನಿಲುವು ನನ್ನಂಥವಳ ಕೈಗೆ ಎಟುಕುವುದಲ್ಲ ಅಕ್ಕಾ, ಆದರೆ ಯಾವ ಕಡೆಗೆ ಮುಖ ಮಾಡಬೇಕೆಂಬುದು ಗೊತ್ತಾಯಿತು.

ಮಧ್ಯಾಹ್ನಗಳಲ್ಲಿ ಗವಿಗಳಿಗೆ ಹೋಗುತ್ತೇನೆ. ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ. ಹೊರಗೆ ನೆಲ ಸುಡುತ್ತಿರುವಾಗ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು. ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದ ಶರಣ ಚಂದಯ್ಯ; ಮೈ ದುಡಿಸುವುದನ್ನೇ ಪೂಜೆ ಮಾಡಿಕೊಂಡವರ ಊರು ಇದು. ಪರುಷಕಟ್ಟೆಗೂ ಹೋಗಿಬಂದೆ. 108 ಅಡಿಯ ಬಸವಣ್ಣನ ಪ್ರತಿಮೆ, 2021ರಲ್ಲಿ ಅಡಿಗಲ್ಲು ಇಟ್ಟ ಹೊಸ ಅನುಭವ ಮಂಟಪ, ಇವನ್ನೆಲ್ಲ ನೀನು ಟಿವಿಯಲ್ಲಿ ನೋಡಿಯೇ ಇರುತ್ತೀ. ಆದರೆ ಕೋಟೆಯ ಮೇಲೆ ನಿಂತಾಗ ನನಗೆ ನೆನಪಾದದ್ದು ಮೂರನೆಯ ಸೋಮೇಶ್ವರ. ಇಲ್ಲಿಂದ ಆಳಿದ ಆ ಚಾಲುಕ್ಯ ದೊರೆ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಜಟ್ಟಿಗಳು ಭಾರ ಎತ್ತುವುದು, ನಸುಕಿನಲ್ಲಿ ನಡೆಯುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು, ಎಲ್ಲಕ್ಕೂ ಅದರಲ್ಲಿ ಕ್ರಮವಿದೆ. ಒಂಬೈನೂರು ವರ್ಷದ ಹಿಂದೆ ಒಬ್ಬ ರಾಜ ಮೈ ಪಳಗಿಸುವ ವಿದ್ಯೆಯನ್ನು ಬರೆದಿಡಬೇಕಾದ ಶಾಸ್ತ್ರವೆಂದು ತಿಳಿದನಲ್ಲ!

ಹುಮನಾಬಾದಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜಲಸಂಗವಿಗೆ ಹೋದೆ. ಹೋದದ್ದು ಸಾರ್ಥಕ. ಚಾಲುಕ್ಯರ ಕಾಲದ ಆ ಶಿವಾಲಯದ ಹೊರಗೋಡೆಯ ಮದನಿಕೆಯರನ್ನು ನಾನು ಶಿಲ್ಪವೆಂದು ನೋಡುವುದಕ್ಕಿಂತ ಮೈಗಳೆಂದೇ ನೋಡಿದೆ. ಒಬ್ಬಳು ಬೆನ್ನು ಸ್ವಲ್ಪ ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ. ಭಾರವೆಲ್ಲ ಒಂದೇ ಕಾಲಿನ ಮೇಲೆ, ಸೊಂಟ ಆ ಕಡೆಗೆ ಸರಿದಿದೆ, ಬೆನ್ನುಮೂಳೆ ಬಳುಕಿದರೂ ಕುಸಿದಿಲ್ಲ, ಕತ್ತಿನಲ್ಲಿ ಬಿಗಿಯೇ ಇಲ್ಲ. ದಂಡಾಯಮಾನ ಧನುರಾಸನದಲ್ಲಿ ನಮಗೆ ಬಾರದಿರುವ ನಿರಾಳ ಅದು. ಆ ಶಿಲ್ಪಿ ಉಸಿರಾಡುವ ಮೈಯನ್ನು ಬಹಳ ಹೊತ್ತು ನೋಡಿದ್ದಿರಬೇಕು. ಹಿಂದಿರುಗುವಾಗ ಮಾಣಿಕನಗರದಲ್ಲಿ ಇಳಿದು ಮಾಣಿಕ ಪ್ರಭುಗಳ ಸಮಾಧಿಗೆ ಕೈಮುಗಿದೆ. 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, ಎಲ್ಲ ಮತಗಳೂ ಒಪ್ಪಿತವೆಂದು ಸಾರಿದವರು. ಹಿಂದೂ ಮುಸ್ಲಿಂ ಇಬ್ಬರೂ ಬಂದು ನಮಿಸುವ ಜಾಗ.

ಅಮ್ಮನಿಗೂ ಈ ತರಗತಿ ಸೇರಿಸೋಣವೇ ಎಂದು ಕೇಳಿದ್ದೀ. ಬೇಡ. ಅಮ್ಮನಿಗೆ ಬಿಪಿ ಇದೆ, ಮಾತ್ರೆಯೂ ನಡೆಯುತ್ತಿದೆ. ಅಂಥವರಿಗೆ ಕಾಯಿಸಿದ ಕೋಣೆ ತರವಲ್ಲ. ಫ್ಯಾನಿನ ಕೆಳಗೆ ಕುರ್ಚಿ ಹಿಡಿದು ತಾಡಾಸನ, ಮಲಗಿಕೊಂಡು ಪವನಮುಕ್ತಾಸನ, ಅಷ್ಟೇ ಮಾಡಿಸು. ಉಸಿರು ಬಿಗಿಹಿಡಿಯದಂತೆ ನೋಡಿಕೋ. ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರುಮಾಡು.

ಮಳೆ ಹಿಡಿದ ಮೇಲೆ ನೀನೂ ಇಲ್ಲಿಗೆ ಬಾ. ಬೀದರ್‌ಗೆ ಕಲಬುರಗಿ ಮೂಲಕ ಹೋಗುವ ರೈಲು ಹಿಡಿದು ಹುಮನಾಬಾದದಲ್ಲಿ ಇಳಿದರಾಯಿತು, ಕಲಬುರಗಿಯಿಂದ ಬೀದರ್‌ಗೆ ಆ ದಾರಿ 2017ರಿಂದ ಪೂರ್ತಿ ತೆರೆದಿದೆ. ಜಲಸಂಗವಿಗೆ ಇಬ್ಬರೂ ಹೋಗೋಣ. ಗೆಳತಿಯ ತಾಯಿ ಈಗಲೇ ನಿನಗಾಗಿ ಶೇಂಗಾ ಚಟ್ನಿ ಕುಟ್ಟಿ ಡಬ್ಬಿಗೆ ತುಂಬಿಸಿದ್ದಾರೆ, ಬರುವಾಗ ಅವರಿಗೆ ಮೈಸೂರಿನ ವೀಳ್ಯದೆಲೆ ತೆಗೆದುಕೊಂಡು ಬಾ.

ಅಮ್ಮನಿಗೆ ನನ್ನ ನಮಸ್ಕಾರ.

ನಿನ್ನ ಪ್ರೀತಿಯ
ತಂಗಿ