ನಾಲ್ಕು ತಂತಿಯ ನಂಟು

ಊರ ಹಬ್ಬದ ಆರ್ಕೆಸ್ಟ್ರಾದಲ್ಲಿ ನಮ್ಮ ಕಣ್ಣೆಲ್ಲ ಹಾಡುವವರ ಮೇಲೆ. ಡ್ರಮ್ಸ್ ಪಕ್ಕ ನಿಂತು ಉದ್ದ ಕುತ್ತಿಗೆಯ ಗಿಟಾರ್ ನುಡಿಸುವವರನ್ನು ಯಾರೂ ಗಮನಿಸುವುದಿಲ್ಲ. ಅದು ಬೇಸ್ ಗಿಟಾರ್. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ಸಾಮಾನ್ಯವಾಗಿ ನಾಲ್ಕು, ಆದರೆ ದಪ್ಪ. ಇದರ ಸದ್ದು ಎದೆಗೆ ತಾಗುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ.

ಯಲಹಂಕದಲ್ಲಿ ನನಗೆ ಪರಿಚಯದ ಅಣ್ಣ ಒಬ್ಬರಿದ್ದಾರೆ. ಹಗಲು ಆಟೋ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ರಾತ್ರಿ ಬೇಸ್. ಹೆಸರು ಹಾಕಬೇಡ ಎಂದಿದ್ದಾರೆ. ಬಿಸಿಲಿಗೆ ನೆಕ್ ಬಾಗುತ್ತದೆಂದು ಗಿಟಾರನ್ನು ಆಟೋದಲ್ಲಿ ಬಿಡುವುದಿಲ್ಲ. ಹೊಸ ತಂತಿ ಸೆಟ್ಟಿಗೆ ಸಾವಿರ ದಾಟುತ್ತದೆ. ಅದಕ್ಕೇ ಹಳೇ ತಂತಿ ಬಿಚ್ಚಿ ನೀರಲ್ಲಿ ಕುದಿಸುತ್ತಾರೆ. ಬೆವರಿನ ಕೊಳೆ ಬಿಟ್ಟು, ಸದ್ದು ಕೆಲವು ದಿನ ಚುರುಕಾಗುತ್ತದೆ. "ಅನ್ನದ ಪಾತ್ರೇಲಿ ತಂತಿ ಬೇಯಿಸ್ತಾರೆ ನೋಡಪ್ಪ" ಎಂದು ಅತ್ತಿಗೆ ಬೈಯುತ್ತಾರೆ.

ಈಗ ಕರೆಯುವವರು ಕಡಿಮೆ. ಕೀಬೋರ್ಡಿನವರ ಎಡಗೈಯೇ ಬೇಸ್ ನುಡಿಸುತ್ತದೆ, ಇಲ್ಲವೇ ಪೆನ್‌ಡ್ರೈವಿನ ಟ್ರ್ಯಾಕ್ ಓಡುತ್ತದೆ. ಒಬ್ಬರ ಕೂಲಿ ಉಳಿಯಿತಲ್ಲ! ಕಳೆದ ವರ್ಷ ಮಗಳ ಕಾಲೇಜು ಫೀಸು ಕಟ್ಟುವ ಹೊತ್ತಿಗೆ ಬೇಸಿಗೊಬ್ಬ ಗಿರಾಕಿ ಬಂದ. ಅಣ್ಣ ಕೊಡಲಿಲ್ಲ. ಸಾಲ ಮಾಡಿ ಫೀಸು ಕಟ್ಟಿದರು. ಮನೆಯಲ್ಲಿ ವಾರ ಮಾತಿರಲಿಲ್ಲ.

"ಯಾಕಣ್ಣ ಹಿಂಗೆ?" ಎಂದೆ.

"ಆಟೋ ಹೋದ್ರೆ ಇನ್ನೊಂದು ಬಾಡಿಗೆಗೆ ಹಿಡೀತೀನಿ. ಇದನ್ನ ಮಾರಿದ್ರೆ ಈ ವಯಸ್ಸಲ್ಲಿ ಇನ್ನೊಂದು ತಗೋತೀನಾ? ಅಲ್ಲಿಗೆ ನುಡಿಸೋದೇ ಮುಗೀತು ಕಣಪ್ಪ."

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಒಂದು ಹಾಫ್ನರ್ ಬೇಸ್ ಕೊಂಡಿದ್ದರು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಎಷ್ಟು ಬೇಸ್ ಬೇಕಾದರೂ ಕೊಳ್ಳಬಲ್ಲ ಮನುಷ್ಯ. ಆದರೂ ಅದೇ ಬೇಕೆಂದು ಹುಡುಕಾಟ ನಡೆಯಿತು. ಯಾರದೋ ಮನೆಯ ಅಟ್ಟದಲ್ಲಿದ್ದ ಅದು ವಾಪಸ್ ಸಿಕ್ಕ ಸುದ್ದಿ ಬಂದದ್ದು 2024ರಲ್ಲಿ. ಅಣ್ಣನಿಗೆ ಹೇಳಿದೆ. "ಸಿಕ್ತಲ್ಲ, ಪುಣ್ಯವಂತ" ಎಂದರು.

ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವ ಸ್ಟ್ರಿಂಜರ್ ನಾನು. ಈಗ ಫೋಟೋವೆಲ್ಲ ಫೋನಿನಲ್ಲೇ. ಬೀರುವಿನಲ್ಲಿರುವ ಹಳೇ ಕ್ಯಾಮೆರಾ ಮಾರು ಎನ್ನುವವರಿದ್ದಾರೆ. ಮಾರಲು ಮನಸ್ಸಾಗಿಲ್ಲ. ಅದಕ್ಕೇ ಅಣ್ಣನ ಸಾಲ ನನಗೆ ಹುಚ್ಚುತನ ಅನ್ನಿಸುವುದಿಲ್ಲ. ಅತ್ತಿಗೆಯ ಸಿಟ್ಟೂ ತಪ್ಪೆನ್ನಿಸುವುದಿಲ್ಲ, ಕಂತು ಕಟ್ಟಲು ಅವರೂ ದುಡಿಯುತ್ತಿದ್ದಾರೆ.

ಈ ಸಲ ನಿಮ್ಮೂರ ಹಬ್ಬಕ್ಕೆ ಆರ್ಕೆಸ್ಟ್ರಾ ಗೊತ್ತುಮಾಡುವಾಗ "ಬೇಸ್ ನುಡಿಸೋರು ಬರ್ತಾರಾ?" ಎಂದು ಒಂದು ಮಾತು ಕೇಳಿ.