ಅನ್ನಪೂರ್ಣೆಯ ದಾರಿಗೆ ನಮ್ಮ ಓದು

ಸರ್ಕಾರಿ ಗುಮಾಸ್ತೆಯಾದವನು ಯಾವ ಕೆಲಸಕ್ಕೂ ಮೊದಲು ಹಿಂದಿನ ಕಡತ ತರಿಸಿ ನೋಡುತ್ತಾನೆ. ನೇಪಾಳದ ಅನ್ನಪೂರ್ಣಾ ಸೀಮೆಯಲ್ಲಿ ಕೆಲವು ದಿನ ಕಾಲ್ನಡಿಗೆ ಮಾಡಿ ಬರೋಣವೆಂದು ನಿಶ್ಚಯಿಸಿದಾಗ ನಾವು ಮಾಡಿದ್ದೂ ಅದನ್ನೇ. ಪರದೇಶವೆಂದು ಹೆಸರೇ ಹೊರತು ನಮ್ಮವರಿಗೆ ಅಲ್ಲಿ ವೀಸಾ ಬೇಡ. ಮತದಾರರ ಗುರುತಿನ ಚೀಟಿಯಿದ್ದರೂ ನಡೆಯುತ್ತದೆ. ಸರ್ಕಾರದ ಅನ್ನ ತಿನ್ನುವವರಿಗೆ ಮಾತ್ರ ಕಛೇರಿಯ ಒಪ್ಪಿಗೆ ಬೇಕು. ಆ ಕಾಗದ ಮೇಜಿನಿಂದ ಮೇಜಿಗೆ ನಡೆದು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಅಷ್ಟೂ ಕಾಲ ಓದಿದೆವು.

ಮೊದಲು ಕೈಗೆ ಬಂದದ್ದು ಫ್ರೆಂಚ್ ಪರ್ವತಾರೋಹಿ ಮೋರಿಸ್ ಹರ್ಜೋಗನ ‘ಅನ್ನಪೂರ್ಣಾ’. 1950ರಲ್ಲಿ ಅವನ ತಂಡ ಹೊರಟಾಗ ಭೂಪಟವೇ ತಪ್ಪಾಗಿತ್ತಂತೆ. 8091 ಮೀಟರ್ ಎತ್ತರದ ಪರ್ವತ ಎಲ್ಲಿದೆಯೆಂದು ಹುಡುಕುವುದರಲ್ಲೇ ವಾರಗಳು ಕಳೆದವು. ಕಛೇರಿಯಲ್ಲಿ ಕಡತ ಹುಡುಕಿದ ಅನುಭವವಿದ್ದ ನಮಗೆ ಈ ಭಾಗ ಬಲು ಹಿಡಿಸಿತು. ಜೂನ್ 3ರಂದು ಹರ್ಜೋಗನೂ ಅವನ ಜೊತೆಗಾರ ಲಾಶನಾಲನೂ ಶಿಖರ ಮುಟ್ಟಿದರು. ನೆತ್ತಿ ಹತ್ತಿರವಾದಾಗ, ನಾನು ಹಿಂದಿರುಗಿದರೆ ನೀನೇನು ಮಾಡುವೆ ಎಂದು ಲಾಶನಾಲ್ ಕೇಳುತ್ತಾನೆ. ಒಬ್ಬನೇ ಹೋಗುತ್ತೇನೆ ಎನ್ನುತ್ತಾನೆ ಹರ್ಜೋಗ್. ಲಾಶನಾಲ್ ಹಿಂಬಾಲಿಸುತ್ತಾನೆ. ಎಂಥ ಧೈರ್ಯವೆಂದು ಆ ಪುಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆವು. ಪುಸ್ತಕ ಗ್ರಂಥಾಲಯದ್ದು; ತಪ್ಪೇ.

ನಮ್ಮಾಕೆ ಓದಿದ್ದು ಬೇರೆ, ಡೇವಿಡ್ ರಾಬರ್ಟ್ಸ್ ಎಂಬಾತ 2000ದಲ್ಲಿ ಬರೆದ ಪುಸ್ತಕ. ಲಾಶನಾಲನ ದಿನಚರಿ 1996ರಲ್ಲಷ್ಟೇ ಪೂರ್ತಿಯಾಗಿ ಅಚ್ಚಾಯಿತೆಂದೂ, ಪಾದಗಳು ಹೆಪ್ಪುಗಟ್ಟುತ್ತಿವೆಯೆಂದು ತಿಳಿದಿದ್ದರೂ ಗೆಳೆಯನನ್ನು ಒಂಟಿಯಾಗಿ ಬಿಡಲಾರದೆ ಆತ ನಡೆದನೆಂದೂ ಅದರಲ್ಲಿದೆ. ಅವನ ಕಾಲ್ಬೆರಳೆಲ್ಲ ಹೋದವು. ಗೋರಖಪುರದ ರೈಲಿನಲ್ಲಿ ಆಕೆ ಇದನ್ನು ಹೇಳುತ್ತಿದ್ದರೆ ನಾವು ಕಡಲೇಕಾಯಿ ಬಿಡಿಸುತ್ತ ಹೂಂಗುಟ್ಟಿದೆವು.

ಚಿತ್ರಗಳನ್ನೂ ನೋಡಿದೆವು. 2015ರ ‘ಎವರೆಸ್ಟ್’ ನೋಡಿ ನಮ್ಮ ತಾಯಿಯವರು ಎರಡು ದಿನ ಮಾತು ಬಿಟ್ಟರು. ನಮ್ಮ ದಾರಿ ಮೂರು ಸಾವಿರದ ಚಿಲ್ಲರೆ ಮೀಟರಿನದೆಂದು ಎಷ್ಟು ಹೇಳಿದರೂ ಆ ಹಿಮಗಾಳಿಯ ಮುಂದೆ ನಮ್ಮ ಅಂಕಿ ನಿಲ್ಲಲಿಲ್ಲ. ಉಪಯೋಗಕ್ಕೆ ಬಂದದ್ದು ಎರಿಕ್ ವಾಲಿಯ ‘ಹಿಮಾಲಯ’ (1999). ಡೋಲ್ಪೋ ಸೀಮೆಯ ಜನ ಯಾಕ್‌ಗಳ ಮೇಲೆ ಉಪ್ಪು ಹೇರಿಕೊಂಡು ಇಕ್ಕಟ್ಟಿನ ದಾರಿಯಲ್ಲಿ ಸಾಗುವ ಕತೆ. ಹೇರಿನ ಪ್ರಾಣಿ ಎದುರಾದರೆ ಕಣಿವೆಯ ಕಡೆ ನಿಲ್ಲದೆ ಬೆಟ್ಟದ ಕಡೆಗೆ ಒರಗಬೇಕೆಂದು ನಮ್ಮಾಕೆ ಆಗಲೇ ಗುರುತು ಹಾಕಿಕೊಂಡಳು. ಗಂಟೆ ಕಟ್ಟಿದ ಹೇಸರಗತ್ತೆಗಳ ಸಾಲು ಬಂದಾಗಲೆಲ್ಲ ನಮ್ಮ ತೋಳು ಹಿಡಿದು ಎಳೆದವಳು ಆಕೆಯೇ.

ಪುಣೆಯಲ್ಲಿರುವವರಿಗೆ ಅಭ್ಯಾಸಕ್ಕೆ ಸಿಂಹಗಡವಿದೆ. ಎಂಟು ಭಾನುವಾರ ಹತ್ತಿದೆವು. ಮೇಲೆ ಪಿಠಲ, ಭಾಕರಿ, ಕುಡಿಕೆಯ ಮೊಸರು ತಿಂದು ಇಳಿಯುವಾಗ ಬಾಡಿಗೆ ಜೀಪು ಹತ್ತುತ್ತಿದ್ದೆವು. ಹತ್ತುವುದನ್ನು ಕಲಿತೆವು, ಇಳಿಯುವುದನ್ನು ಕಲಿಯಲಿಲ್ಲ.

ಏಪ್ರಿಲ್ ಮೊದಲ ವಾರ ಪೋಖರಾ ತಲುಪಿ, ನಯಾಪುಲದಿಂದ ನಡೆದು ತೀಖೇಢುಂಗಾದಲ್ಲಿ ರಾತ್ರಿ ತಂಗಿದೆವು. ಮರುದಿನ ಉಲ್ಲೇರಿಯ ಕಲ್ಲುಮೆಟ್ಟಿಲು. ಮೂರು ಸಾವಿರಕ್ಕೂ ಮೇಲೆ ಎನ್ನುತ್ತಾರೆ. ಚಾಮುಂಡಿ ಬೆಟ್ಟವನ್ನು ಮೂರು ಸಲ ಹತ್ತಿದಷ್ಟಾಯಿತು. ಈಗ ಉಲ್ಲೇರಿಗೆ ಜೀಪು ರಸ್ತೆಯಾಗಿದೆ. ನಮ್ಮ ಕೈಪಿಡಿ ಹಳೆಯದು, ಅದರಲ್ಲಿ ನಡೆಯಬೇಕೆಂದಿತ್ತು, ನಡೆದೆವು. ಉಲ್ಲೇರಿಯಲ್ಲಿ ನಿಂತಿದ್ದ ಜೀಪನ್ನು ನಮ್ಮಾಕೆ ಒಮ್ಮೆ ನೋಡಿದಳು. ನಾವು ನೋಡದವರಂತೆ, “ಇನ್ನೇನು, ಕಾಡಿನ ದಾರಿ, ನೆರಳಿದೆ” ಎಂದೆವು. ನೆರಳೇನೋ ಇತ್ತು. ಲಾಲಿಗುರಾಸ್ ಮರಗಳು ಕೆಂಪಾಗಿ ಹೂ ಬಿಟ್ಟು, ಉದುರಿದ ಹೂವಿನ ಮೇಲೆಯೇ ಹೆಜ್ಜೆಯಿಡಬೇಕಾಗಿತ್ತು. ಆಕೆ ಹೂವನ್ನು ನೋಡದೆ ಕಲ್ಲನ್ನೇ ನೋಡುತ್ತ ನಡೆದಳು.

ಘೋರೇಪಾನಿಯ ವಸತಿಯಲ್ಲಿ ಬಿಸಿಬಿಸಿ ದಾಲ್‌ಭಾತ್ ಉಂಡು, ಬೆಳಗ್ಗೆ ನಾಲ್ಕೂವರೆಗೆ ಪೂನ್ ಹಿಲ್ಲಿಗೆ ಹೊರಡುವ ಮಾತೆತ್ತಿದೆವು. ಸೂರ್ಯೋದಯಕ್ಕೆ ಎಲ್ಲರೂ ಹತ್ತುವ 3210 ಮೀಟರಿನ ಗುಡ್ಡ ಅದು. ಒಂದು ಗಂಟೆಯ ಹಾದಿ; ಬಂದದ್ದೇ ಅದಕ್ಕಾಗಿ. ಆಕೆ ಮಾತಾಡದೆ ದೀಪದ ಹತ್ತಿರ ಕಾಲು ಚಾಚಿದಳು. ಮಂಡಿ ಊದಿ ತೆಂಗಿನಕಾಯಿಯಂತಾಗಿತ್ತು.

“ಯಾವಾಗಿಂದ ನೋವು?”

“ಉಲ್ಲೇರಿಯಿಂದ.”

“ಹೇಳಬಾರದಾಗಿತ್ತೆ?”

“ಹೇಳಿದ್ದರೆ ನಿಲ್ಲುತ್ತಿದ್ದಿರಾ? ಬೆಳಗ್ಗೆ ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ.”

ಕಡಲೇಕಾಯಿ ಬಿಡಿಸುತ್ತ ಕೇಳಿದ್ದ ಲಾಶನಾಲನ ಕತೆ ಆಗ ನೆನಪಾಯಿತು. ನಾವು ಗೆರೆ ಎಳೆದ ಪುಟವೂ ನೆನಪಾಯಿತು. ಒಲೆಯ ಮನೆಯಲ್ಲಿ ಬಿಸಿನೀರು ಕೇಳಿ ತಂದು, ಟವೆಲು ಅದ್ದಿ ಶಾಖ ಕೊಟ್ಟೆವು. ಊದಿದ ಮಂಡಿಗೆ ತಣ್ಣೀರು ಬಟ್ಟೆಯೇ ಸರಿಯೆಂದು ಪುಣೆಯ ವೈದ್ಯರು ಆಮೇಲೆ ಹೇಳಿದರು. ಅಷ್ಟು ಪುಸ್ತಕಗಳಲ್ಲಿ ಒಂದಾದರೂ ಇದನ್ನು ಹೇಳಿರಲಿಲ್ಲ.

ನಾಲ್ಕಕ್ಕೇ ಬ್ಯಾಟರಿ ಬೆಳಕುಗಳು ಸಾಲಾಗಿ ಗುಡ್ಡ ಹತ್ತಿದವು. ಅಸೂಯೆಯಾಗಲಿಲ್ಲವೆಂದರೆ ಸುಳ್ಳಾದೀತು. ಐದೂವರೆಯ ಹೊತ್ತಿಗೆ ಆಕೆಯನ್ನು ಹಿಡಿದು ಅಂಗಳಕ್ಕೆ ತಂದು ಬೆಂಚಿನ ಮೇಲೆ ಕೂರಿಸಿದೆವು. ಧವಳಗಿರಿಯ ನೆತ್ತಿ ಮೊದಲು ಕುಂಕುಮದ ಬಣ್ಣವಾಯಿತು, ಆಮೇಲೆ ಅರಿಸಿನ. ಅಂಗಳದಲ್ಲಿ ನಾವಿಬ್ಬರು, ಒಂದು ನಾಯಿ, ವಸತಿಯ ಅಜ್ಜಿ. ಅಜ್ಜಿ ಕೇಳದೆಯೇ ಚಹಾ ತಂದಿಟ್ಟರು.

ಕುದುರೆಯೊಂದನ್ನು ಗೊತ್ತುಮಾಡಿ ಆಕೆಯನ್ನು ಉಲ್ಲೇರಿಯವರೆಗೆ ಇಳಿಸಿದೆವು. ನಾವು ಕಡಿವಾಣದ ಪಕ್ಕದಲ್ಲಿ ನಡೆದೆವು, ಬೆಟ್ಟದ ಕಡೆಗೇ. ಅಲ್ಲಿಂದ ಜೀಪು. ಘಾಂದ್ರುಕ್ ನೋಡುವುದು ಉಳಿಯಿತು. ಅದಕ್ಕೆಂದು ಅಕ್ಟೋಬರಿಗೆ ರಜೆಯ ಅರ್ಜಿ ಕೊಟ್ಟಿದ್ದೇವೆ. ಯಾವ ಮೇಜಿನ ಮೇಲಿದೆಯೋ. ಈ ಸಲ ಸಿಂಹಗಡದಿಂದ ನಡೆದೇ ಇಳಿಯುತ್ತಿದ್ದೇವೆ. ಪುಸ್ತಕ ಆರಿಸುವ ಕೆಲಸ ನಮ್ಮಾಕೆಯದು.