ಹಡಗಿನಲ್ಲಿ ಮೂರು ರಾತ್ರಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಮನೆಗೇ ಬಂದು ಕೇಳಿದಾಗ, ನಾನು ಶಾಲೆಯ ಇತಿಹಾಸವನ್ನು ಬರೆಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. 1975ರ ಜೂನ್ ತಿಂಗಳಲ್ಲಿ ಮುಳಿಹುಲ್ಲಿನ ಮಾಡಿನ ಕೆಳಗೆ ಒಂದನೆಯ ತರಗತಿ ಆರಂಭವಾದುದು, ಊರ ಹಿರಿಯರು ಸ್ಥಳವನ್ನು ದಾನವಾಗಿ ಕೊಟ್ಟುದು, ಇವೆಲ್ಲವನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಇದ್ದಾರೆ. ನಾನು ಬರೆಯ ಹೊರಟಿರುವುದು ಹಡಗಿನ ಪ್ರವಾಸವನ್ನು ಕುರಿತು. ಶಾಲೆಗೂ ಹಡಗಿಗೂ ಎಲ್ಲಿಯ ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನಮ್ಮ ಕಡೆಯವರಿಗೆ ಹಡಗು ಹೊಸತೇನೂ ಅಲ್ಲ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಲ್ಲಿ, ಎಂದರೆ 1956ರ ನವೆಂಬರಿಗೆ ಮೊದಲು, ಹೊಟೇಲು ಕೆಲಸವನ್ನರಸಿ ಮುಂಬಯಿಗೆ ಹೋಗುವವರು ಮಂಗಳೂರಿನಲ್ಲಿ ಆಗಬೋಟು ಹತ್ತುತ್ತಿದ್ದರು. ಅದು ದಡಕ್ಕೆ ಬರುತ್ತಿರಲಿಲ್ಲ. ದೂರ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ನನ್ನ ದೊಡ್ಡಪ್ಪನವರು ಹದಿನಾಲ್ಕರ ಹರೆಯದಲ್ಲಿ ಹಾಗೆ ಹೋದವರು. ಡೆಕ್ಕಿನ ಮೇಲೆ ಚಾಪೆ ಹಾಸಿ, ಮನೆಯಿಂದ ಕಟ್ಟಿಕೊಂಡ ಅವಲಕ್ಕಿ ಬೆಲ್ಲವನ್ನು ತಿಂದು, ತಿಂದುದನ್ನೆಲ್ಲ ಸಮುದ್ರಕ್ಕೆ ಅರ್ಪಿಸಿ ಮುಂಬಯಿ ಸೇರಿದ ಕಥೆಯನ್ನು ಅವರು ಮುದುಕರಾಗುವ ತನಕ ಹೇಳುತ್ತಿದ್ದರು. ಮಂಗಳೂರಿನ ಹೊಸ ಬಂದರು ಆದುದು ಎಪ್ಪತ್ತರ ದಶಕದಲ್ಲಿ. ಕೊಂಕಣ ರೈಲು ಪೂರ್ಣವಾದುದು 1998ರಲ್ಲಿ. ಇನ್ನು ಬೇಕಲ, ಉದುಮ, ಕೋಟಿಕುಳಂ ಕಡೆಯ ಎಷ್ಟೋ ಮನೆಗಳಲ್ಲಿ ಹಡಗಿನ ನೌಕರಿಯವರು ಇಂದಿಗೂ ಇದ್ದಾರೆ. ಆದರೆ ಹಣ ಕೊಟ್ಟು, ಎಲ್ಲಿಗೂ ಹೋಗುವ ತುರ್ತಿಲ್ಲದೆ, ಉಣ್ಣುವುದಕ್ಕೂ ಮಲಗುವುದಕ್ಕೂ ಹಡಗು ಹತ್ತುವುದೆಂದರೆ ನನ್ನಂಥ ಕನ್ನಡ ಶಾಲೆಯ ಮಾಷ್ಟ್ರಿಗೆ ವಿಚಿತ್ರವಾಗಿಯೇ ಕಂಡಿತು.

ಮುಂಬಯಿಯಲ್ಲಿರುವ ಮಗ 2024ರ ಫೆಬ್ರವರಿಯಲ್ಲಿ ನಮ್ಮಿಬ್ಬರಿಗೂ ಟಿಕೆಟು ಮಾಡಿಸಿಬಿಟ್ಟಿದ್ದ. ಮುಂಬಯಿಯಿಂದ ಕೊಚ್ಚಿಗೆ ಮೂರು ರಾತ್ರಿ. ಅಲ್ಲಿಂದ ರೈಲಿನಲ್ಲಿ ಊರಿಗೆ. "ಇಷ್ಟು ಖರ್ಚು ಯಾಕೆ ಮಾರಾಯ?" ಎಂದರೆ, "ಅಪ್ಪ, ನೀವು ಸುಮ್ಮನಿರಿ" ಎಂದ. ಸುಮ್ಮನಾದೆ.

ಹೋಗುವ ಮನಸ್ಸಿರುವ ಹಳೆವಿದ್ಯಾರ್ಥಿಗಳಿಗಾಗಿ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಕೋಣೆಗಳಲ್ಲಿ ಕಿಟಿಕಿಯಿಲ್ಲದ ಒಳಗಿನದು, ಕಿಟಿಕಿಯುಳ್ಳದ್ದು, ಜಗಲಿಯುಳ್ಳದ್ದು ಎಂದು ದರ್ಜೆಗಳಿವೆ; ಬಾಡಿಗೆಯೂ ಅದೇ ಕ್ರಮದಲ್ಲಿ ಏರುತ್ತದೆ. ಜಗಲಿಯ ಆಸೆಗೆ ತೀರಾ ಮೇಲಿನ ಅಂತಸ್ತನ್ನೋ ತುದಿಯನ್ನೋ ಹಿಡಿದವರಿಗೆ ಓಲಾಟ ಹೆಚ್ಚು. ತೊಟ್ಟಿಲಿನ ಹಗ್ಗದ ಬುಡದಲ್ಲಿ ಅಲುಗಾಟ ಕಡಿಮೆಯಲ್ಲವೆ, ಹಾಗೆಯೇ ಹಡಗಿನ ನಡುಭಾಗದ ಕೆಳ ಅಂತಸ್ತಿನ ಕೋಣೆಯೇ ವಯಸ್ಸಾದವರಿಗೆ ಉತ್ತಮ. ಪೆಟ್ಟಿಗೆಗಳನ್ನು ಕಟ್ಟೆಯಲ್ಲೇ ತೆಗೆದುಕೊಂಡು ಹೋಗುತ್ತಾರೆ. ಅವು ಕೋಣೆಗೆ ತಲುಪುವಾಗ ಸಂಜೆಯಾದರೂ ಆಶ್ಚರ್ಯವಿಲ್ಲ. ಗುರುತುಪತ್ರ, ಸಕ್ಕರೆ ಕಾಯಿಲೆಯ ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಬೇಕು. ವಾಂತಿಯ ಮಾತ್ರೆಯನ್ನು ತಲೆ ತಿರುಗಿದ ಮೇಲೆ ನುಂಗಿ ಪ್ರಯೋಜನವಿಲ್ಲ, ಮೊದಲೇ ನುಂಗಬೇಕು. ನನ್ನ ಮನೆಯವಳು ಒಣಶುಂಠಿಯ ಚೂರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ಮಾತ್ರೆ ನುಂಗಿದ ನಾನು ಮಲಗಿದೆ, ಅವಳು ಡೆಕ್ಕಿನ ಮೇಲೆ ತಿರುಗಾಡುತ್ತಿದ್ದಳು.

ಹಡಗು ಬಿಡುವ ಮೊದಲು ಎಲ್ಲರನ್ನೂ ಸೇರಿಸಿ ಅಪಾಯದ ಅಭ್ಯಾಸ ಮಾಡಿಸುತ್ತಾರೆ. ಏಳು ಸಣ್ಣ ಕೂಗು, ಒಂದು ಉದ್ದ ಕೂಗು; ಅದು ಕೇಳಿದೊಡನೆ ನಿಗದಿಯಾದ ಜಾಗಕ್ಕೆ ಹೋಗಬೇಕು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರಾಷ್ಟ್ರಗಳು ಸೇರಿ ಹಡಗಿನ ಸುರಕ್ಷೆಯ ನಿಯಮಗಳನ್ನು ಮಾಡಿದುವಷ್ಟೆ. ಹಾಗಿದ್ದರೂ 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ತಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಆ ಸಂಜೆಯೇ ಹತ್ತಿದ್ದವರಿಗೆ ಅಭ್ಯಾಸ ಆಗಿರಲಿಲ್ಲ. ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೇ ಮಾಡಿಸಬೇಕೆಂಬ ನಿಯಮ ಬಂದುದು ಆ ಬಳಿಕ. ನಮ್ಮ ಸಾಲಿನಲ್ಲಿ ಕೆಲವರು ಹರಟುತ್ತಿದ್ದರು. ಮೂವತ್ತು ವರ್ಷ ಬೆಲ್ಲು ಬಾರಿಸಿದವನಿಗೆ ಅದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು.

ಇನ್ನು ಊಟದ ವಿಷಯ. ಹಡಗಿನಲ್ಲಿ ಅದೇ ಮುಖ್ಯ ಕಸಬು. ತಾನೇ ಬಡಿಸಿಕೊಳ್ಳುವ ಬಫೆ ಒಂದು. ಮೇಜಿಗೆ ತಂದು ಬಡಿಸುವ ದೊಡ್ಡ ಊಟದ ಶಾಲೆ ಇನ್ನೊಂದು. ಬೇರೆ ಹಣ ತೆತ್ತು ಹೋಗುವ ಸಣ್ಣ ಹೊಟೇಲುಗಳು ಮತ್ತೆರಡು. ದೊಡ್ಡ ಶಾಲೆಯಲ್ಲಿ ರಾತ್ರಿಯೂಟಕ್ಕೆ ಎರಡು ಹಂತಿ: ಬೇಗನೆಯದು, ತಡವಾದುದು. ವಯಸ್ಸಾದವರು ಬೇಗನೆಯದನ್ನು ಟಿಕೆಟು ಮಾಡುವಾಗಲೇ ಕೇಳಿಕೊಳ್ಳಬೇಕು. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನರ ಅಡಿಗೆ, ಉಪ್ಪು ಕಡಿಮೆಯ ಪಥ್ಯ ಇವನ್ನೂ ಮೊದಲೇ ತಿಳಿಸಿದರೆ ಮಾಡಿಕೊಡುತ್ತಾರೆ. ಮೊದಲ ದಿನ ಬಫೆಯ ಬಾಗಿಲಲ್ಲಿ ನೂಕುನುಗ್ಗಲು. ಆ ಹೊತ್ತಿಗೆ ದೊಡ್ಡ ಶಾಲೆ ತೆರೆದಿದ್ದರೆ ಅಲ್ಲಿ ಹೋಗಿ ಸುಖವಾಗಿ ಕುಳಿತು ಉಣ್ಣಬಹುದೆಂಬುದು ಕೆಲವರಿಗೆ ಮಾತ್ರ ಗೊತ್ತಿರುವ ಗುಟ್ಟು. ಕೈಗೆ ಹಚ್ಚುವ ದ್ರಾವಣವನ್ನು ಬಾಗಿಲಲ್ಲಿ ಇಟ್ಟಿರುತ್ತಾರೆ. ಆದರೆ ಹಡಗಿನಲ್ಲಿ ಹಬ್ಬುವ ವಾಂತಿಭೇದಿಯ ನೋರೋವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಸಾಬೂನು ಹಾಕಿ ನೀರಿನಲ್ಲಿಯೇ ತೊಳೆಯಬೇಕು. ನಮ್ಮ ಶಾಲೆಯ ಮಕ್ಕಳು ಊಟಕ್ಕೆ ಮೊದಲು ಬಾವಿಕಟ್ಟೆಯಲ್ಲಿ ಸಾಲಾಗಿ ಮಾಡುತ್ತಿದ್ದುದೂ ಅದನ್ನೇ. ಹಣದ ಬದಲಿಗೆ ಒಂದು ಕಾರ್ಡು ಕೊಡುತ್ತಾರೆ. ಪಾನೀಯ, ಇಂಟರ್‌ನೆಟ್ಟು ಎಲ್ಲವೂ ಅದರಲ್ಲಿ ಏರುತ್ತಾ ಹೋಗುವುದರಿಂದ ಪ್ರತಿ ರಾತ್ರಿ ಲೆಕ್ಕ ಕೇಳಿ ನೋಡುವುದು ಲೇಸು.

ಊಟದ ಶಾಲೆಯಲ್ಲಿ ಕುಳಿತಾಗ ನನಗೆ ಪಂಕ್ತಿಭೇದದ ನೆನಪಾಗುತ್ತಿತ್ತು. ಟೈಟಾನಿಕ್ಕಿನಲ್ಲಿ ಒಂದನೆಯ, ಎರಡನೆಯ, ಮೂರನೆಯ ದರ್ಜೆಗೆ ಬೇರೆ ಬೇರೆ ಊಟದ ಶಾಲೆಗಳು, ಬೇರೆ ಬೇರೆ ಅಡಿಗೆ. ಅದು ಕಳೆದುಹೋದ ಕಾಲವೆನ್ನುವ ಹಾಗೂ ಇಲ್ಲ. ಕ್ಯುನಾರ್ಡ್ ಕಂಪೆನಿಯ ಹಡಗುಗಳಲ್ಲಿ ಯಾವ ಕೋಣೆಯವರು ಯಾವ ಶಾಲೆಯಲ್ಲಿ ಉಣ್ಣಬೇಕೆಂಬುದು ಇಂದಿಗೂ ನಿಗದಿಯಾಗಿದೆ. ಹುಟ್ಟಿನಿಂದ ಬಂದ ಪಂಕ್ತಿ ಹೋಗಿ ಹಣದಿಂದ ಬಂದ ಪಂಕ್ತಿ ಆಗಿದೆ, ಅಷ್ಟೆ. ನಮ್ಮ ಹಡಗಿನಲ್ಲಿ ದೊಡ್ಡ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ. ಆದರೆ ಅಡಿಗೆ ಮಾಡುವವರ ಊಟ ಎಲ್ಲಿ ಎಂದು ಕೇಳಿದಾಗ, "ಅದು ಕೆಳಗೆ, ಅಲ್ಲಿಗೆ ಪ್ರಯಾಣಿಕರು ಹೋಗುವಂತಿಲ್ಲ" ಎಂಬ ಉತ್ತರ ಬಂತು.

ಎರಡನೆಯ ದಿನ ಬೆಳಿಗ್ಗೆ, ಬಫೆಯಲ್ಲಿ ಇಡ್ಲಿಯ ಪಾತ್ರೆಯ ಹಿಂದೆ ನಿಂತಿದ್ದ ಬಿಳಿ ಟೊಪ್ಪಿಯ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಮೆಲ್ಲನೆ ಬಳಿಗೆ ಬಂದು, "ಮಾಷ್ಟ್ರೇ, ಗುರ್ತ ಸಿಕ್ಕಿತಾ?" ಎಂದರು. ಸಿಕ್ಕಲಿಲ್ಲ. "ಸಜ್ಜಿಗೆಯ ಹುಡುಗ" ಎಂದಾಗ ಸಿಕ್ಕಿತು.

ಹಳಬರಿಗೆ ನೆನಪಿರಬಹುದು. ಅಮೆರಿಕದ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಗೋದಿನುಚ್ಚು ಮತ್ತು ಎಣ್ಣೆಯಿಂದ ಮಧ್ಯಾಹ್ನ ಮಕ್ಕಳಿಗೆ ಸಜ್ಜಿಗೆ ಮಾಡಿ ಕೊಡುತ್ತಿದ್ದ ಕಾಲ. ಗಂಜಿ ಹೆಸರು ಬಂದುದು ಆಮೇಲೆ. ಅಡಿಗೆಯ ಹೆಂಗಸಿಗೆ ನೆರವಾಗಲು ನಾನು ಒಬ್ಬ ಹುಡುಗನನ್ನು ಕಳುಹಿಸುತ್ತಿದ್ದೆ. ಪಾಠದಲ್ಲಿ ಅವನು ಹಿಂದೆ. ಮಗ್ಗಿ ಬಾರದು, ಅಕ್ಷರ ಸೊಟ್ಟ. ಕಲಿಯದವನು ಸೌಟಾದರೂ ಹಿಡಿಯಲಿ ಎಂಬ ಭಾವನೆ ನನ್ನದು. ಹತ್ತೂವರೆಗೆ ಹೋದವನು ಮಧ್ಯಾಹ್ನದವರೆಗೆ ತರಗತಿಗೆ ಬರುತ್ತಿರಲಿಲ್ಲ. ಏಳನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಶಾಲೆ ಬಿಟ್ಟ. ಮುಂಬಯಿಯ ಹೊಟೇಲು ಸೇರಿದನೆಂದು ಕೇಳಿದ್ದೆ. ಅಲ್ಲಿಂದ ಹಡಗಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತೆಂದು ಈಗ ತಿಳಿಯಿತು.

ಕೆಲಸ ಮುಗಿದ ಮೇಲೆ, ಮೇಲಿನವರ ಅನುಮತಿ ಪಡೆದು, ರಾತ್ರಿ ಡೆಕ್ಕಿಗೆ ಬಂದು ನಮ್ಮೊಡನೆ ಒಂದು ಗಂಟೆ ಕುಳಿತ. ಹಡಗುಗಳನ್ನು ಹೊಸದು ಮಾಡುವ ಸಂಗತಿಯನ್ನು ಅವನ ಬಾಯಿಂದ ಕೇಳಬೇಕು. ಐದು ವರ್ಷದಲ್ಲಿ ಎರಡು ಸಲ ತಳವನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಒಣಕಟ್ಟೆಗೆ ಏರಿಸಿದಾಗಲೇ ಹಾಸು, ಹಾಸಿಗೆ, ಅಡಿಗೆಮನೆಯ ಒಲೆ ಎಲ್ಲವನ್ನೂ ಬದಲಾಯಿಸುತ್ತಾರೆ. ಹಳೆಯ ಹಡಗು ಹೊಸ ಹೆಸರಿನಲ್ಲಿ ಹೊರಬರುವುದೂ ಉಂಟು. 2005ರಲ್ಲಿ ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್ ಎಂಬ ಹಡಗನ್ನು ರಾಟರ್‌ಡ್ಯಾಮಿನಲ್ಲಿ ನಡುವಿಗೆ ಕೊಯ್ದು, 73 ಅಡಿಯ ಹೊಸ ತುಂಡನ್ನು ಸೇರಿಸಿ ಬೆಸುಗೆ ಹಾಕಿದರಂತೆ. "ನಮ್ಮ ಶಾಲೆಗೆ ಆರನೇ ಏಳನೇ ಕ್ಲಾಸು ಸೇರಿಸಿದ ಹಾಗೆ ಮಾಷ್ಟ್ರೇ" ಎಂದು ನಕ್ಕ. ಹೊಸ ಒಲೆಗಳಲ್ಲಿ ಬೆಂಕಿಯೇ ಕಾಣುವುದಿಲ್ಲ, ಎಲ್ಲವೂ ವಿದ್ಯುತ್ತಿನದು. ಉಚ್ಚು ಹುರಿಯುವ ವಾಸನೆಯಿಂದಲೇ ಹದ ತಿಳಿಯಬೇಕು, ಅದನ್ನು ಶಾಲೆಯಲ್ಲಿ ಕಲಿತದ್ದು ಎಂದ.

ಇನ್ನೆಷ್ಟು ವರ್ಷ ನೌಕರಿ ಎಂದು ನನ್ನ ಮನೆಯವಳು ಕೇಳಿದಳು. "ಲೆಕ್ಕದಲ್ಲಿ ಬೇಗ ಮುಗಿಯುತ್ತದೆ ಅಮ್ಮ. ರಿಜಿಸ್ಟರಿನ ತಾರೀಖು ನನ್ನದಲ್ಲವಲ್ಲ" ಎಂದ. ನನ್ನ ಮುಖವನ್ನು ಅವನು ನೋಡಲಿಲ್ಲ.

ಈಗ ಹೇಳಬೇಕಾದುದನ್ನು ಹೇಳುತ್ತೇನೆ. 1976ರ ಜೂನ್. ಶಾಲೆಯ ಎರಡನೆಯ ವರ್ಷ. ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಮಕ್ಕಳ ಸಂಖ್ಯೆ ಸಾಲದಿದ್ದರೆ ಡಿವಿಷನ್ ಹೋಗುತ್ತದೆ, ಒಬ್ಬ ಅಧ್ಯಾಪಕನ ಕೆಲಸವೂ ಹೋಗುತ್ತದೆ. ಗಡಿಯ ಕನ್ನಡ ಶಾಲೆಗೆ ಒಮ್ಮೆ ಹೋದ ಡಿವಿಷನ್ ಮರಳಿ ಬರುವುದು ಸುಲಭವಲ್ಲ. ನಮಗೆ ಒಂದು ತಲೆ ಕಡಿಮೆಯಾಗಿತ್ತು. ಶಾಲೆಗೆ ಸೇರಲು ಬಂದ ಅಕ್ಕನ ಲಂಗವನ್ನು ಹಿಡಿದುಕೊಂಡು ಅವನು ಬಂದಿದ್ದ. ತಾಯಿ ಹೇಳಿದ ಲೆಕ್ಕ ನನಗಿನ್ನೂ ನೆನಪಿದೆ: ಹಿಂದಿನ ಸೋಣ ತಿಂಗಳ ಅಷ್ಟಮಿಗೆ ಮೂರು ತುಂಬಿತು. ಎಂದರೆ 1972. ಐದು ತುಂಬಿದವರನ್ನು ಮಾತ್ರ ಸೇರಿಸಬಹುದು. ನಾನು ಪೆನ್ನು ತೆಗೆದು 20-5-1971 ಎಂದು ಬರೆದೆ. ತಾಯಿ ಹೆಬ್ಬೆಟ್ಟು ಒತ್ತಿದರು. ಡಿವಿಷನ್ ಉಳಿಯಿತು. ಅಂದಿನ ಕಾಲದಲ್ಲಿ ಹುಟ್ಟಿದ ದಿನವನ್ನು ಅಂದಾಜಿನಿಂದ ಬರೆಯದ ಹೆಡ್‌ಮಾಷ್ಟ್ರುಗಳು ಕಡಿಮೆ. ಆದರೆ ನನ್ನದು ಅಂದಾಜಲ್ಲ, ತಿಳಿದೇ ಬರೆದುದು. (ಇಲಾಖೆಯವರು ಕನ್ನಡ ಓದಲಾರರೆಂಬ ಧೈರ್ಯದಿಂದ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.)

ಡೆಕ್ಕಿನ ಮೇಲೆ ಕುಳಿತು ಲೆಕ್ಕ ಹಾಕಿದಾಗ ಹೊಳೆದ ಸಂಗತಿ ಬೇರೊಂದಿದೆ. ನಾಲ್ಕೂ ತುಂಬದ ಮಗುವನ್ನು ಐದಾರು ವರ್ಷದವರ ನಡುವೆ ಕೂರಿಸಿ, ಅವರಷ್ಟು ಬಾರದೆಂದು ಏಳು ವರ್ಷವೂ ಅವನನ್ನು ದಡ್ಡನೆಂದೆ. ಅವನು ದಡ್ಡನಾಗಿರಲಿಲ್ಲ, ಸಣ್ಣವನಾಗಿದ್ದ. ವಯಸ್ಸನ್ನು ಬರೆದ ಕೈ ನನ್ನದು. ಆ ವಯಸ್ಸನ್ನು ನಂಬಿ ಅವನನ್ನು ಅಡಿಗೆಕೋಣೆಗೆ ಕಳುಹಿಸಿದವನೂ ನಾನೇ.

ತಿದ್ದಿಸಬಹುದೇ ಎಂದು ಕೇಳಿದೆ. "ಬೇಡ ಮಾಷ್ಟ್ರೇ. ಪಾಸ್‌ಪೋರ್ಟು, ಹಡಗಿನ ಪುಸ್ತಕ, ಪಾನ್ ಕಾರ್ಡು ಎಲ್ಲದರಲ್ಲಿಯೂ ಅದೇ. ಒಂದನ್ನು ಸರಿ ಮಾಡಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ" ಎಂದ. ಕೋಪ ಇರಲಿಲ್ಲ ಎಂದು ಬರೆದರೆ ಸರಿಯಾಗಲಾರದು. ಒಂದೂಕಾಲು ವರ್ಷದ ಸಂಬಳ, ಕಿರಿಯ ಮಗಳ ನರ್ಸಿಂಗ್ ಓದಿನ ಕೊನೆಯ ವರ್ಷಕ್ಕೆ ಬೇಕಾದುದು ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದ. ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಪೂರ್ವಕ್ಕೆ ಮೀನುದೋಣಿಗಳ ದೀಪಗಳು ಕಾಣುತ್ತಿದ್ದವು. ಅಲ್ಲಿ ಎಲ್ಲೋ ನಮ್ಮ ಊರು ಎಂದು ನನ್ನ ಮನೆಯವಳು ಬೆರಳು ತೋರಿಸಿದಳು. "ಊರು ಬರುವಾಗ ನಾಳೆ ಬೆಳಗಾದೀತು ಅಮ್ಮ" ಎಂದ.

ಕೊನೆಯ ದಿನ ಬೆಳಿಗ್ಗೆ ನಮ್ಮ ಕೋಣೆಯ ಬಾಗಿಲು ತಟ್ಟಿದ ಶಬ್ದವಾಯಿತು. ಮುಚ್ಚಿದ ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಚೂರು ಮಾವಿನ ಉಪ್ಪಿನಕಾಯಿ. ಕೆಳಗೆ ಕೆಲಸದವರಿಗಾಗಿ ಬೇಯಿಸಿದ್ದರಲ್ಲಿ ತೆಗೆದಿರಿಸಿದ್ದಂತೆ. ಮೂರು ದಿನ ಕಂಡ ಭಕ್ಷ್ಯಗಳಲ್ಲಿ ನನ್ನ ಮನೆಯವಳು ಎರಡನೆಯ ಸಲ ಕೇಳಿದುದು ಇದೊಂದನ್ನೇ, ಕೇಳಿದರೆ ಸಿಗುವಂಥದ್ದಾಗಿರಲಿಲ್ಲ.

ಊರಿಗೆ ಬಂದ ಮೇಲೆ ಶಾಲೆಗೆ ಹೋಗಿ ಹಳೆಯ ಎಡ್ಮಿಷನ್ ರಿಜಿಸ್ಟರನ್ನು ತೆಗೆಸಿ ನೋಡಿದೆ. ಶಾಯಿ ಮಾಸಿಲ್ಲ. ನನ್ನ ಅಕ್ಷರ ಆಗ ಬಹಳ ದುಂಡಗಿತ್ತು.

ಈ ಬರಹಕ್ಕೆ ಅವನ ಒಪ್ಪಿಗೆಯಿದೆ. ಹೆಸರು ಮಾತ್ರ ಬೇಡವೆಂದಿದ್ದಾನೆ. ಸಂಚಿಕೆಯ ಕೊನೆಯಲ್ಲಿ ಹಳೆವಿದ್ಯಾರ್ಥಿಗಳ ಪಟ್ಟಿಯಿದೆಯಲ್ಲ, ಅದರಲ್ಲಿ ಒಂದು ಹೆಸರಿನ ಮುಂದೆ ಹುಟ್ಟಿದ ವರ್ಷ 1972 ಎಂದೇ ಅಚ್ಚಾಗಬೇಕೆಂದು ಸಂಪಾದಕರಲ್ಲಿ ಹೇಳಿದ್ದೇನೆ. ಮಹೋತ್ಸವದ ದಿನಗಳಲ್ಲಿ ಅವನು ರಜೆಯಲ್ಲಿ ಊರಿನಲ್ಲಿರುತ್ತಾನೆ. ವಿಷಯ ತಿಳಿದು ಅಡಿಗೆಯ ಸಮಿತಿಯವರು ಅವನ ಹೆಸರನ್ನು ಆಗಲೇ ಬರೆದುಕೊಂಡಿದ್ದರು. ಅದನ್ನು ಹೊಡೆದು ಹಾಕಿಸಿದೆ. ಅವನು ಪಂಕ್ತಿಯಲ್ಲಿ ಕುಳಿತುಕೊಳ್ಳಲಿ. ಮೊಣಕಾಲು ಬಗ್ಗಿದರೆ ಆ ಸಾಲಿಗೆ ನಾನೇ ಬಡಿಸುತ್ತೇನೆ.